ಬೆನ್ನ ಹಿಂದಿನ ತಿಪ್ಪಣ್ಣ

ಒಂದು ಮಾತನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಡ್ರಮ್ ತಿಪ್ಪಣ್ಣನ ಜೊತೆ ನನ್ನ ಹರೆಯವೆಲ್ಲ ಹಾಡಿ ಕಳೆದಿದ್ದೇನೆ. ಆದರೆ ಅವನು ಡ್ರಮ್ ಬಾರಿಸುವುದನ್ನು ಮೊನ್ನೆಮೊನ್ನೆಯವರೆಗೂ ನೋಡಿರಲಿಲ್ಲ. ಗದಗ-ಬೆಟಗೇರಿಯಲ್ಲಿ ಇದನ್ನು ಯಾರೂ ನಂಬುವುದಿಲ್ಲ. ನಂಬದವರು ಒಮ್ಮೆ ವೇದಿಕೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಹಾಡುವವಳು ಮುಂದೆ, ಮೈಕಿನ ಎದುರು. ಗಿಟಾರಿನವರು ಆಚೆ ಈಚೆ. ಡ್ರಮ್ಮಿನವನು ಎಲ್ಲರ ಹಿಂದೆ, ಮದುವೆ ಮನೆಯ ಅಡುಗೆಯವನ ಹಾಗೆ. ರುಚಿ ಊರಿಗೆಲ್ಲ ಗೊತ್ತು, ಮುಖ ನೋಡಿದವರಿಲ್ಲ.

ನಮ್ಮದು ಹಿಂದುಸ್ತಾನಿ ಸಂಗೀತದ ಊರು. ಇಲ್ಲಿ ತಬಲಾದವರು ಹಾಡುವವರ ಮಗ್ಗುಲಿಗೇ ಕೂಡುತ್ತಾರೆ. ತಾಳದ ಸುತ್ತು ಮುಗಿದು ಸಮಕ್ಕೆ ಬಂದಾಗ ಇಬ್ಬರೂ ಮುಖ ನೋಡಿಕೊಂಡು ತಲೆದೂಗುತ್ತಾರೆ. ಎಷ್ಟೋ ಗಂಡ-ಹೆಂಡಿರು ಜೀವಮಾನದಲ್ಲಿ ಅಷ್ಟು ಸಲ ಮುಖ ನೋಡಿಕೊಂಡಿರಲಾರರು. ರಾಕ್ ಸಂಗೀತ ಕಂಡುಹಿಡಿದ ಪುಣ್ಯಾತ್ಮರಿಗೆ ಆ ಸುಖ ಬೇಡವಾಗಿತ್ತೋ ಏನೋ. ನನಗಂತೂ ಅದು ವಿಚಿತ್ರವೆನಿಸಿರಲಿಲ್ಲ. ಹಗಲೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಮುಖವಿಲ್ಲದ ದನಿಗಳನ್ನು ಒಂದಕ್ಕೊಂದು ಜೋಡಿಸುವುದು ನನ್ನ ಕೆಲಸವಾಗಿತ್ತು. ಎಲ್ಲರನ್ನೂ ಜೋಡಿಸಿ ನಾನು ಮಾತ್ರ ಹೊರಗುಳಿದೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೂ ಈಗ ಒಬ್ಬೊಬ್ಬರಾಗಿ ತೀರಿಕೊಂಡಿದ್ದಾರೆ.

ನಮ್ಮ ತಂಡದ ಹೆಸರು ‘ಗುಡ್ಡದ ಕಲ್ಲು’. ಗಿಟಾರಿನ ರಾಜಣ್ಣ ನಿಘಂಟು ತೆಗೆದು, ರಾಕ್ ಎಂದರೆ ಕಲ್ಲು ಎಂದು ಖಾತ್ರಿ ಮಾಡಿಕೊಂಡು ಇಟ್ಟ ಹೆಸರು. ಹರ್ತಿಯಲ್ಲಿ ಒಮ್ಮೆ ಕಾರ್ಯಕ್ರಮಕ್ಕೆ ಹೋದಾಗ, ಕಲ್ಲು ಒಡೆಯುವವರು ಬಂದರೆಂದು ತಿಳಿದ ಹಿರಿಯರೊಬ್ಬರು ನಮ್ಮನ್ನು ನೇರ ತಮ್ಮ ಹೊಲದ ಬಂಡೆಯ ಹತ್ತಿರ ಕರೆದೊಯ್ದಿದ್ದರು. ತಿಪ್ಪಣ್ಣ ಬೆಟಗೇರಿಯ ನೇಕಾರರ ಮನೆಯವನು. ಮಗ್ಗದ ಸದ್ದೇ ಅವನ ಲಯದ ಗುರು ಎಂದು ಪತ್ರಿಕೆಯವರೊಬ್ಬರು ಬಹಳ ಚಂದವಾಗಿ ಬರೆದಿದ್ದರು. ಅದನ್ನು ಓದಿ ತಿಪ್ಪಣ್ಣ ಎಷ್ಟೋ ಹೊತ್ತು ನಕ್ಕಿದ್ದ. ಮಗ್ಗದ ಸದ್ದು ಕಿವಿಗೆ ಬೀಳಬಾರದೆಂದೇ ಅವನು ಡ್ರಮ್ ಹಿಡಿದದ್ದಂತೆ.

ತಂಡ ಒಡೆಯಲಿಲ್ಲ, ಸವೆಯಿತು. ಒಬ್ಬರು ಬರುವುದನ್ನು ಬಿಟ್ಟರು, ಆಮೇಲೆ ಇನ್ನೊಬ್ಬರು. ನನ್ನ ಹಾಡು ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ. ನನಗೇ ತಡವಾಗಿ ತಿಳಿಯಿತು.

ಈ ವರ್ಷ ಲಕ್ಷ್ಮೇಶ್ವರದ ಎಳೆಯರು ಸೇರಿ ತಿಪ್ಪಣ್ಣನಿಗೊಂದು ಸನ್ಮಾನ ಇಟ್ಟುಕೊಂಡರು. ಮುಂದಾಳು ಸವಿತಾ ಎಂಬ ಹುಡುಗಿ, ತಾನೂ ಡ್ರಮ್ ಬಾರಿಸುವವಳು. ತಿಪ್ಪಣ್ಣನವರ ಕಲೆಯ ಬಗ್ಗೆ ನೀವೇ ಮಾತಾಡಬೇಕು, ನಿಮ್ಮಷ್ಟು ಹತ್ತಿರದಿಂದ ಕಂಡವರು ಬೇರೆ ಯಾರಿದ್ದಾರೆ ಎಂದು ಫೋನ್ ಮಾಡಿದಳು. ಹೂಂ ಅಂದುಬಿಟ್ಟೆ. ಒಬ್ಬರೇ ಇರುವವರಿಗೆ, ತಾನಾಗಿ ಬಂದ ಫೋನಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ.

ಸ್ವಂತದ್ದೆಂದು ಹೇಳಲು ಏನೂ ಇರಲಿಲ್ಲವಾಗಿ ಪರರ ಅಭಿಪ್ರಾಯ ಸಂಗ್ರಹಕ್ಕೆ ಹೊರಟೆ. ರಾಜಣ್ಣ ಈಗ ಮುಂಡರಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೆಸರು ಎತ್ತುತ್ತಲೇ ಅವನ ಮುಖ ಗಂಟಿಕ್ಕಿತು.

“ಅಂವ ಲಯಾ ಎಳೀತಿದ್ದ, ಶಾರದಾ. ನೀ ಹಾಡು ಎತ್ತೋ ಮುಂದ ಪ್ರತಿ ಸಲ ಎಳೀತಿದ್ದ. ನಾವು ಮುಂದ ಬರಲಿಲ್ಲಂದ್ರ ಅದಕ್ಕ.”

ನಮ್ಮ ಓಣಿಯ ತಬಲಾ ಮಾಸ್ತರರು ಇಷ್ಟು ಕಟುವಾಗಿರಲಿಲ್ಲ. ತಿಪ್ಪಣ್ಣನ ಕೈಯಲ್ಲಿ ಬಲವಿತ್ತು, ವಿದ್ಯೆ ಇರಲಿಲ್ಲ, ಗುಡುಗಿಗೆ ಯಾರು ತಾಳ ಕಲಿಸುತ್ತಾರೆ ಎಂದು ಮೆಲ್ಲಗೆ ನಕ್ಕರು. ಸವಿತಾಳದು ಮೂರನೆಯ ದಾರಿ. ಅವಳು ನಮ್ಮ ಹಳೆಯ ಕ್ಯಾಸೆಟ್ಟಿನ ಹಾಡುಗಳನ್ನು ಫೋನಿಗೆ ಏರಿಸಿಕೊಂಡು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. ರಾಜಣ್ಣ ಯಾವುದನ್ನು ಎಳೆತ ಎಂದನೋ ಅದನ್ನೇ ಅವಳು ಜೀವ ಎಂದಳು. ಎಲ್ಲವೂ ಕಲಿಯಲು ಬಂತು, ಅದೊಂದು ಬರಲಿಲ್ಲ, ಅದು ಹುಟ್ಟಿನಿಂದಲೇ ಬರಬೇಕೇನೋ ಎಂದು ಪೇಚಾಡಿದಳು.

ಇಷ್ಟು ಕೇಳಿ ನನ್ನ ತಲೆ ಇನ್ನೂ ಕೆಟ್ಟಿತು. ಕೊನೆಗೆ ಅವನನ್ನೇ ಕೇಳೋಣವೆಂದು ಶಿರಹಟ್ಟಿಯ ಬಸ್ಸು ಹತ್ತಿದೆ.

ತಿಪ್ಪಣ್ಣ ಅಲ್ಲಿ ತಂಗಿಯ ಮನೆಯ ಹಿತ್ತಲ ಕೋಣೆಯಲ್ಲಿದ್ದಾನೆ. ಡ್ರಮ್ಮುಗಳನ್ನು ಎಂದೋ ಮಾರಿದ್ದಾನೆ. ಕಿವಿ ಮಂದವಾಗಿದೆ. ತಂಗಿ ಚಹಾ ತಂದಿಟ್ಟು ಹೋದ ಮೇಲೆ ಮೂವರ ಅಭಿಪ್ರಾಯವನ್ನೂ ಅವನಿಗೆ ಗಟ್ಟಿಯಾಗಿ ಒಪ್ಪಿಸಿದೆ, ನೆರೆಯವರಿಗೆಲ್ಲ ತಲುಪಿರಬೇಕು. ಅವನು ಬೇಸರಪಡಲಿಲ್ಲ. ಮೂವರದೂ ಖರೆ ಐತಿ ಎಂದು ಚಹಾ ಕುಡಿದ. ಬಂದ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಯಾವ ಮಾಯೆಯೋ, ಇಷ್ಟು ವರ್ಷ ಯಾರನ್ನೂ ಕೇಳದ ಪ್ರಶ್ನೆಯೊಂದು ಬಾಯಿಂದ ಜಾರಿತು. ನನ್ನ ಹಾಡು ಹೇಗಿತ್ತು ಎಂದು ಕೇಳಿದೆ.

“ನಾ ಎಲ್ಲಿ ಕೇಳೇನಿ?” ಎಂದ ತಿಪ್ಪಣ್ಣ. “ಆ ಸಪ್ಪಳದಾಗ ಹಿಂದ ಕುಂತಾವಗ ಹಾಡು ಕೇಳಸ್ತೈತೇನು? ನಿನ್ನ ದನಿ ಎಲ್ಲಾ ಮಂದಿ ಕಡೆ ಹೋಗ್ತಿತ್ತು.”

ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟೆ. ಏನು ಹೇಳಲಿ ನಿಮಗೆ. ಜನ ಶೇಂಗಾ ತಿನ್ನುತ್ತಾರೆ, ಮಾತಾಡುತ್ತಾರೆ, ಅರ್ಧಕ್ಕೆ ಎದ್ದು ಹೋಗುತ್ತಾರೆ. ಹೋಗಲಿ, ನನ್ನ ಹಿಂದೆ ಒಬ್ಬನಾದರೂ ಪ್ರತಿ ಹಾಡನ್ನೂ ಪೂರ್ತಿ ಕೇಳುತ್ತಿದ್ದಾನೆ ಎಂದು ನಾನು ಆಗೆಲ್ಲ ನಂಬಿದ್ದೆ. ಆ ನಂಬಿಕೆಯ ಮೇಲೆಯೇ ಆಮೇಲಿನ ಎಷ್ಟೋ ಖಾಲಿ ಸಂಜೆಗಳನ್ನು ದಾಟಿದ್ದೆ. ಹೋಗಿಬರುತ್ತೇನೆಂದು ಎದ್ದೆ. ಅವನು ಕೂಡು ಎಂದು ಸನ್ನೆ ಮಾಡಿದ.

“ಹಾಡು ಎತ್ತೋ ಮೊದಲ ನಿನ್ನ ಬಲಗಡಿ ಹೆಗಲು ಏಳ್ತಿತ್ತು. ಉಸರು ತಗೋತಿದ್ದಿ. ಒಮ್ಮೊಮ್ಮೆ ಜಲ್ದಿ, ಒಮ್ಮೊಮ್ಮೆ ಭಾಳ ತಡಾ. ಅದು ಏಳೋತನಕ ನಾ ಕಾಯ್ತಿದ್ದೆ. ರಾಜಣ್ಣ ಅದಕ್ಕ ಎಳೀತಾನ ಅಂತಿದ್ದ.”

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಗೆ ಏನೇನು ಹಾದುಹೋಯಿತೋ ನೋಡಲಿಲ್ಲ. ಬದುಕಿದ್ದೀಯಾ ಎಂದು ಕೇಳುವವರಿಲ್ಲದ ಮನೆಗೆ ಹೋಗುತ್ತ, ಹಿಂದೊಮ್ಮೆ ಒಬ್ಬ ಮನುಷ್ಯ ನಾನು ಉಸಿರು ತೆಗೆದುಕೊಳ್ಳುವುದನ್ನು ಕಾಯುತ್ತಿದ್ದ ಎಂಬುದನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡೆ. ಹಾಡು ಕೇಳುವುದಕ್ಕಿಂತ ಅದು ಹೆಚ್ಚೋ ಕಡಿಮೆಯೋ, ಗದಗ ಬಂದರೂ ತೀರ್ಮಾನವಾಗಲಿಲ್ಲ.

ಸನ್ಮಾನದ ಸಂಜೆ ಲಕ್ಷ್ಮೇಶ್ವರದ ಸಭಾಭವನ ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು. ಶಾಲು ಹೊದಿಸಿದ ಮೇಲೆ ತಿಪ್ಪಣ್ಣನನ್ನು ಸವಿತಾಳ ಡ್ರಮ್ಮುಗಳ ನಡುವೆ ಕೂರಿಸಿದರು. ನಾನು ಮೊದಲ ಸಾಲಿನಲ್ಲಿದ್ದೆ. ಅಂತೂ ಅವನು ಬಾರಿಸುವುದನ್ನು ಕಂಡೆ. ಅಕ್ಷರ ತಿದ್ದಲು ಕಲಿಯುವ ಮಗುವಿನ ಹಾಗೆ ನಾಲಿಗೆಯ ತುದಿಯನ್ನು ಬಾಯಿಯ ಮೂಲೆಯಲ್ಲಿ ಕಚ್ಚಿಕೊಂಡು ಬಾರಿಸುತ್ತಾನೆ! ಇದನ್ನು ಅಂದೇ ಕಂಡಿದ್ದರೆ ನಾನು ಒಂದು ಹಾಡನ್ನೂ ನಗದೆ ಮುಗಿಸುತ್ತಿರಲಿಲ್ಲ.

ನಮ್ಮದೇ ಹಳೆಯ ಹಾಡೊಂದರ ಬಡಿತ ಅದು. ಶುರುವಿನ ಭಾಗ ಚೆನ್ನಾಗಿ ಬಂತು. ಹಾಡು ಎತ್ತುವ ಜಾಗ ಬಂದಾಗ ತಿಪ್ಪಣ್ಣ ಮುಂದೆ ಹೋಗಲಿಲ್ಲ. ಅಲ್ಲೇ ಸುತ್ತತೊಡಗಿದ, ಮತ್ತೆ ಅದನ್ನೇ, ಇನ್ನಷ್ಟು ನಿಧಾನವಾಗಿ. ಮಾಸ್ತರರು, ಮರೆತುಬಿಟ್ಟ ಪಾಪ ಎಂದು ಪಿಸುಗುಟ್ಟಿದರು. ರಾಜಣ್ಣ ವಾಚು ನೋಡಿಕೊಂಡ. ಸವಿತಾ ಕಣ್ಣು ಮುಚ್ಚಿ ಆನಂದಪಡುತ್ತಿದ್ದಳು. ತಿಪ್ಪಣ್ಣ ಮಾತ್ರ ತಲೆಯೆತ್ತಿ, ಎದುರಿಗೆ ಯಾರೂ ಇಲ್ಲದ ಮೈಕನ್ನೇ ನೋಡುತ್ತಿದ್ದ.

ನನಗೆ ಮೊಣಕಾಲು ನೋವು. ಆ ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಮೈಕಿನ ಮುಂದೆ, ಅವನಿಗೆ ಬೆನ್ನು ಮಾಡಿ ನಿಂತೆ. ಹಿಂದೆ ಬಡಿತ ಸುತ್ತುತ್ತಲೇ ಇತ್ತು. ಎಷ್ಟೋ ವರ್ಷಗಳಿಂದ ಹಾಡದ ಗಂಟಲು. ಉಸಿರು ಎಲ್ಲಿಂದ ತರಬೇಕೆಂದು ಹುಡುಕಿದೆ, ಸಿಕ್ಕಿತು. ಹಾಡು ಎತ್ತಿದ್ದೇ ತಡ ಬೆನ್ನ ಹಿಂದಿನಿಂದ ಇಡೀ ಡ್ರಮ್ಮು ಒಮ್ಮೆಲೇ ಬಂದು ನನ್ನನ್ನು ಎತ್ತಿಕೊಂಡಿತು. ದನಿ ಎರಡು ಕಡೆ ಒಡೆಯಿತು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ನನ್ನ ಭಾಷಣ ಉಳಿದೇಹೋಯಿತೆಂದು ಸವಿತಾ ನೆನಪಿಸಿದಾಗ, ಇನ್ನು ಬೇಡವೆಂದೆ. ಆಮೇಲೆ ಎಲ್ಲರೂ ಮಿರ್ಚಿ-ಮಂಡಕ್ಕಿ ತಿನ್ನುತ್ತ ನಿಂತಾಗ ಮಾಸ್ತರರು, ರಾಜಣ್ಣ, ಸವಿತಾ ಮೂವರೂ ತಮ್ಮ ತಮ್ಮ ಅಭಿಪ್ರಾಯವೇ ಸರಿಯೆಂಬುದು ಇಂದು ಸಾಬೀತಾಯಿತೆಂದು ಖುಷಿಯಲ್ಲಿದ್ದರು. ತಿಪ್ಪಣ್ಣ ಪ್ಲೇಟು ಹಿಡಿದು ಬಂದು ನನ್ನ ಪಕ್ಕ ಕೂತ. ಒಂದು ಮಿರ್ಚಿ ತಿಂದು ಮುಗಿಸಿದ.

“ಮೊದಲಿನಕಿಂತ ಭಾಳ ತಡಾ ಮಾಡಿದಿ,” ಎಂದ.

ವಯಸ್ಸಾಯಿತಲ್ಲ ಎಂದು ಅವನ ಕಿವಿಯ ಹತ್ತಿರ ಕೂಗಿ ಹೇಳಿದೆ.

“ಆಗಲಿ ಬಿಡು,” ಎಂದು ಇನ್ನೊಂದು ಮಿರ್ಚಿ ಎತ್ತಿಕೊಂಡ. “ನನಗೇನ ಅವಸರ ಐತಿ.”