ಹೊಟ್ಟೆ ಬಿಟ್ಟ ದಂಡನಾಯಕಿ

ನರಗುಂದದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಕುಳಿತು ನಾನು ರಾಕ್ಷಸರು, ರಾಜಕುಮಾರಿಯರು, ಹಾರುವ ಕುದುರೆಗಳ ಚಿತ್ರ ಬರೆಯುತ್ತೇನೆ. ಕಲ್ಪನಾಲೋಕದ ಕಾದಂಬರಿಗಳಿಗೆ ಮುಖಪುಟ ಮಾಡುವುದೇ ನನ್ನ ಹೊಟ್ಟೆಪಾಡು. ಕೆಳಗೆ ಕಾಳಿನ ಅಡತಿ ಅಂಗಡಿಯ ಗದ್ದಲ, ಮೇಲೆ ನಾನು ಮತ್ತು ನನ್ನ ಟ್ಯಾಬ್ಲೆಟ್ಟು. ಮೊದಲು ಅವ್ವನೂ ಇದ್ದಳು.

ಈ ಕೆಲಸದಲ್ಲಿ ನನಗೆ ಮೈ ಉರಿಯುವ ಸಂಗತಿಯೆಂದರೆ ಯುದ್ಧಕ್ಕೆ ಹೊರಟ ಹೆಂಗಸರ ಉಡುಪು. ಗಂಡಸಿಗೆ ನೆತ್ತಿಯಿಂದ ಪಾದದವರೆಗೆ ಕಬ್ಬಿಣ. ಅದೇ ಬಾಣಗಳ ನಡುವೆ ಅವನ ಪಕ್ಕದಲ್ಲೇ ನಿಂತವಳಿಗೆ ಎದೆಗೆರಡು ಬೋಗುಣಿ, ಸೊಂಟಕ್ಕೊಂದು ಪಟ್ಟಿ, ಎತ್ತರದ ಹಿಮ್ಮಡಿಯ ಬೂಟು. ಸಿನಿಮಾದಲ್ಲೂ ಅದೇ ರಾಗ, ಅದೇ ಹಾಡು. ಆ ಬೂಟು ಹಾಕಿಕೊಂಡು ಮಳೆಯಾದ ಮರುದಿನ ನಮ್ಮ ಎರೆ ಹೊಲದಲ್ಲಿ ನಾಲ್ಕು ಹೆಜ್ಜೆ ಇಡಲಿ, ನೋಡೋಣ.

ಹೋದ ವರ್ಷ ಒಂದು ದೊಡ್ಡ ಕಾದಂಬರಿಯ ಕೆಲಸ ಬಂತು. ಅದರ ದಂಡನಾಯಕಿ ಐವತ್ತು ದಾಟಿದವಳು. ನಾನು ರೂಢಿಯಂತೆ ಬೋಗುಣಿಯಿಂದಲೇ ಶುರು ಮಾಡಿದ್ದೆ. ಚಹಾ ತಂದ ಅವ್ವ ನಿಂತು ನೋಡಿದಳು.

"ಈಕಿ ಎಲ್ಲಿಗೆ ಹೊಂಟಾಳ?"

"ಯುದ್ಧಕ್ಕ ಬೇ."

"ಹೊಟ್ಟಿ ಬಿಟಗೊಂಡು? ಹಿಂಗ ಕುಸುಬಿ ಹೊಲಕ್ಕೂ ಹೋಗಾಕ ಬರಂಗಿಲ್ಲ."

ಅವ್ವ ಸವಡಿ ಎಂಬ ಹಳ್ಳಿಯವಳು, ಕುಸುಬಿಯ ಮುಳ್ಳು ಬಲ್ಲವಳು. ಗಿಡ ಒಣಗಿದ ಮೇಲೆ ಮೈಯೆಲ್ಲ ಗೀರುತ್ತದೆ. ಅದಕ್ಕೇ ಬೆಳಗಿನ ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ ಹೆಂಗಸರು ಕೀಳಲು ಹೋಗುತ್ತಿದ್ದರು. ಸೀರೆಗೆ ಕಚ್ಚೆ, ಮೇಲೆ ಗಂಡನ ತುಂಬುತೋಳಿನ ಅಂಗಿ, ಮೊಣಕಾಲವರೆಗೆ ಸುತ್ತಿ ಕಟ್ಟಿದ ಗೋಣಿ, ಕೈಗೆ ಹಳೆ ಬಟ್ಟೆ. ಆ ದಿನ ಅವ್ವ, ಎಂದೋ ತೀರಿಹೋದ ಅಪ್ಪನ ಅಂಗಿ ಹುಡುಕಿ ತೊಟ್ಟು, ಕಾಲಿಗೆ ಗೋಣಿ ಸುತ್ತಿಕೊಂಡು ನನ್ನೆದುರು ಬಂದು ನಿಂತಳು.

"ಲಗೂ ಚಿತ್ರಾ ತಗೀ. ಅನ್ನಾ ಒಲಿ ಮ್ಯಾಲೈತಿ."

ನಕ್ಕು ನಕ್ಕು ಬರೆದೆ. ಮುಖವನ್ನೂ ಅವಳದೇ ಇಟ್ಟೆ, ಕಣ್ಣ ಕೆಳಗಿನ ಮಚ್ಚೆಯ ಸಮೇತ. ಅಷ್ಟು ಚಲೋ ಚಿತ್ರ ನಾನು ಹಿಂದೆಂದೂ ಬರೆದಿರಲಿಲ್ಲ.

ಅದನ್ನು ಕಳಿಸಿದ ವಾರದಲ್ಲೇ ಅವ್ವ ತೀರಿಕೊಂಡಳು. ಎದೆ ನೋಯುತ್ತದೆ ಎಂದಳು, ಆಸ್ಪತ್ರೆಯ ಗಾಡಿ ಬರುವುದರೊಳಗೆ ಮುಗಿದಿತ್ತು. ದಿವಸ ಮಾಡಿ ನೆಂಟರು ಹೋದರು. ಸಂಜೆ ಅಡತಿ ಅಂಗಡಿಯ ಬಾಗಿಲು ಎಳೆದರೆ ಬೆಳಿಗ್ಗೆ ಹಾಲಿನವಳು ಬರುವವರೆಗೆ ನನ್ನೊಡನೆ ಮಾತಾಡುವವರಿಲ್ಲ. ನಾನು ಬರೆದದ್ದನ್ನು ನೋಡಿ ಬೈಯುವವರೂ ಇಲ್ಲ. ಅದೇ ನನಗೆ ತಡೆಯಲಾಗದ್ದು.

ಪ್ರಕಾಶಕರು ಫೋನು ಮಾಡಿದರು. "ಚಿತ್ರ ಚೆನ್ನಾಗಿದೆ ಮೇಡಂ. ಆದ್ರೆ ಆ ಶರ್ಟು, ಗೋಣಿ ತೆಗೀಬೇಕು. ಓದುಗರಿಗೆ ಬೇರೆ ಥರಾನೇ ಬೇಕು."

"ತಗಿಯಂಗಿಲ್ರಿ."

"ಒಂದ್ಸಲ ಯೋಚನೆ ಮಾಡಿ."

"ಮಾಡೀನ್ರಿ. ತಗಿಯಂಗಿಲ್ಲ."

ನಮ್ಮ ಕಸುಬಿನಲ್ಲಿ ಮೊದಲು ಬರಿಮೈ ಬರೆದು, ಅದರ ಮೇಲೆ, ಬೇಕೆಂದಾಗ ಬಿಡಿಸಿ ತೆಗೆಯಬಹುದಾದ ಬೇರೆ ಪದರದಲ್ಲಿ ಬಟ್ಟೆ ಬರೆಯುತ್ತೇವೆ. ಎಲುಬು ಎಲ್ಲಿದೆಯೆಂದು ಗೊತ್ತಿಲ್ಲದೆ ಅಂಗಿ ಮೈಮೇಲೆ ಕೂಡುವುದಿಲ್ಲ. ಪದರಗಳನ್ನು ಬಿಡಿಬಿಡಿಯಾಗಿಯೇ ಕಳಿಸುವುದು ವಾಡಿಕೆ. ನಾನೂ ಹಾಗೇ ಕಳಿಸಿದ್ದೆ. ಅವರು ಅಂಗಿಯ ಪದರ ಕಿತ್ತು ಬೋಗುಣಿ ಕೂರಿಸಿದರು.

ಅಚ್ಚಾದ ಪುಸ್ತಕದ ಪಾರ್ಸಲ್ಲು ಬಂತು, ಬಿಚ್ಚಿದೆ. ನಮ್ಮವ್ವನ ಮುಖ, ಅದರ ಕೆಳಗೆ ಬತ್ತಲೆ ಹೊಟ್ಟೆ, ಬತ್ತಲೆ ತೊಡೆ. ತಲೆ ಮೇಲಿನ ಸೆರಗು ಜಾರಿದರೆ ಅಂಗಡಿಯವರು ನೋಡಿದರೇನೋ ಎಂದು ಗಾಬರಿಯಾಗುತ್ತಿದ್ದವಳು ಅವಳು. ಪುಸ್ತಕವನ್ನು ಬೋರಲು ಹಾಕಿ, ಅದರ ಮೇಲೆ ಕೈಯಿಟ್ಟು ಅತ್ತೆ. ಯಾರಿಗೆ ತೋರಿಸಲಿ, ಏನೆಂದು ಹೇಳಲಿ? ಸವಡಿಯ ಚಿಕ್ಕವ್ವನಿಗೆ ಫೋನು ಹಚ್ಚಿದೆ. ಊಟ ಆಯಿತೇ ಎಂದಷ್ಟೇ ಕೇಳಿ ಇಟ್ಟುಬಿಟ್ಟೆ.

ಮರುದಿನ ಪ್ರಕಾಶಕರಿಗೆ ಹೇಳಿದೆ. "ಅದು ನಮ್ಮವ್ವನ ಮಾರಿ ಐತ್ರಿ. ಆಕಿ ತೀರಿಕೊಂಡಾಳ. ಮೈಮ್ಯಾಲ ಅರಿವಿ ಹಾಕ್ರಿ."

"ನಮಗೆ ಗೊತ್ತಿರ್ಲಿಲ್ಲ ಮೇಡಂ, ಕ್ಷಮಿಸಿ. ಮುಂದಿನ ಮುದ್ರಣಕ್ಕೆ ಮುಖ ಬದಲಾಯಿಸಿಬಿಡ್ತೀವಿ."

"ಅರಿವಿ?"

"ಅದು ಆಗಲ್ಲ. ಮುಖ ಬೇಕಾದ್ರೆ ಇವತ್ತೇ ತೆಗೀತೀವಿ."

ತೆಗೆಯಿರಿ ಎಂದೆ. ಎರಡನೆಯ ಮುದ್ರಣ ಬಂತು. ಈಗ ಅಲ್ಲಿ ಇಪ್ಪತ್ತರ ಯಾರೋ ಹುಡುಗಿಯ ಮುಖವಿದೆ. ಕಾದಂಬರಿಯಲ್ಲಿ ದಂಡನಾಯಕಿಗೆ ಐವತ್ತು ದಾಟಿದೆಯಲ್ಲ ಎಂದು ಒಬ್ಬರೂ ಕೇಳಿಲ್ಲ. ಅವ್ವನ ಮಾನ ಉಳಿಯಿತು. ಊರೂರಿನ ಪುಸ್ತಕದಂಗಡಿಗಳಲ್ಲಿ ನಾಲ್ಕು ಜನ ನೋಡುವಂತಿದ್ದ ಅವಳ ಮುಖ ಮಾತ್ರ ಉಳಿಯಲಿಲ್ಲ. ತೆಗೆಯಿರಿ ಎಂದವಳು ನಾನೇ.