ದಸ್ತಗೀರ ಕಾಕಾ ಎಣಿಸಿಟ್ಟ ಸುರುಳಿ

ದಸ್ತಗೀರ ಕಾಕಾ ಮೊದಲ ಸುರುಳಿಯ ಸುತ್ತು ಎಣಿಸುವಾಗ ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಅವರ ತೋರುಬೆರಳು ಮೇಲೆದ್ದರೆ ಸಾಕು, ಸುಟ್ಟ ಮೋಟರ್ ಹೊತ್ತು ರಾಮಥಾಳದಿಂದ ಓಡಿಬಂದ ರೈತನೂ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ. ಅದು ಮುಗಿದದ್ದೇ ತಡ, ಕಾಕಾ ರೇಡಿಯೋ ಹಚ್ಚಿ ಉಳಿದವನ್ನು ಅದೇ ಕಟ್ಟಿಗೆಯ ಅಚ್ಚಿನ ಮೇಲೆ ಸುತ್ತುತ್ತಿದ್ದರು. ಅಚ್ಚಿನ ಗುರುತಿಗೆ ತಂತಿ ಬಂತೆಂದರೆ ಸುತ್ತು ಸರಿ. "ಒಂದ್ ಖರೆ ಇದ್ರ ಸಾಕವಾ, ಉಳಿದಾವೆಲ್ಲಾ ಅದರ ತಮ್ಮಂದಿರು" ಎನ್ನುತ್ತಿದ್ದರು.

ಇಳಕಲ್ಲಿನಲ್ಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಅವರ ರಿವೈಂಡಿಂಗ್ ಅಂಗಡಿಗೂ ನಮ್ಮ ಮಗ್ಗದ ಮನೆಗೂ ಒಂದೇ ಗೋಡೆ. ನಾನು ಕಾಯಿಲ್‌ಗಳ ಬೆನ್ನು ಹತ್ತಿ ಪಿಎಚ್‌ಡಿಗೆ ಸೇರಿದ್ದಕ್ಕೆ ಅವರೇ ಕಾರಣ.

ಹೋದ ವರ್ಷ ರಜೆಗೆ ಬಂದಾಗ ನಾನು ಹೈರಾಣಾಗಿದ್ದೆ. ನಮ್ಮ ಪ್ರಯೋಗಾಲಯದ ಅತಿವಾಹಕ ಕಾಯಿಲ್, ಅಂದರೆ ಕೊರೆಯುವ ತಂಪಿನಲ್ಲಿ ತಡೆಯಿಲ್ಲದೆ ವಿದ್ಯುತ್ ಹರಿಸುವಂಥದ್ದು, ಒಂದರ ಮೇಲೊಂದಿಟ್ಟ ಅರವತ್ತು ಚಪ್ಪಟೆ ಸುರುಳಿಗಳದು. ಪ್ರತಿ ಸುರುಳಿಯ ಕಾಂತಪ್ರಭಾವ ತನ್ನ ಮೇಲೆ, ಉಳಿದವುಗಳ ಮೇಲೆ ಎಷ್ಟೆಂದು ಕೂಡಿಸಿದರೆ ಅದರ ಇಂಡಕ್ಟೆನ್ಸ್; ಅದು ತಿಳಿದರೆ ಒಳಗೆ ಎಷ್ಟು ಶಕ್ತಿ ಕೂಡುತ್ತದೆಂದು ತಿಳಿಯುತ್ತದೆ. ತಿಳಿಯದೆ ಕರೆಂಟ್ ಕೊಟ್ಟಾಗ ಒಂದು ಕಡೆ ತಂಪು ತಪ್ಪಿದರೂ ಸಾಕು, ಆ ಶಕ್ತಿಯೆಲ್ಲ ಅಲ್ಲೇ ಸುರಿದು ಕಾಯಿಲ್ ಸುಟ್ಟುಹೋಗಬಹುದು. ಇದ್ದದ್ದು ಅದೊಂದೇ. ಸೋಮವಾರ ಉತ್ತರ ಕೊಡಬೇಕಿತ್ತು. ಲ್ಯಾಪ್‌ಟಾಪ್ ಮೂರು ದಿನದಿಂದ ಲೆಕ್ಕ ಮಾಡುತ್ತಲೇ ಇತ್ತು. ಮನೆಯಲ್ಲಿ ಕರೆಂಟ್ ಹೋಯಿತೆಂದು ಅದನ್ನು ಕಾಕಾನ ಇನ್ವರ್ಟರಿಗೆ ಹಚ್ಚಲು ಹೋದೆ.

"ಏನ್ ಎಣಸಾಕತ್ತೈತವಾ ಇದು?"

"ಅರವತ್ತು ಸುರುಳಿ ಕಾಕಾ. ಒಂದೊಂದೂ ಉಳಿದಾವುಕ್ಕ ಎಷ್ಟು ಜಗ್ಗತೈತಿ ಅಂತ."

"ಎಲ್ಲಾ ಒಂದ ಅಚ್ಚಿನವ ಏನು? ನಡುವಿನ ಸಂದಿನೂ ಒಂದ ಅಳತಿ?"

"ಹೌದ್ರಿ."

"ಮತ್ತ, ಒಂದನೇದ್ದು ಮೂರನೇದ್ದಕ್ಕ ಜಗ್ಗೂದು, ಹತ್ತನೇದ್ದು ಹನ್ನೆರಡನೇದ್ದಕ್ಕ ಜಗ್ಗೂದು ಬ್ಯಾರೆ ಹೆಂಗ ಅಕ್ಕೈತಿ?"

ಪುಸ್ತಕದಲ್ಲಿ ನಾನೇ ಓದಿದ್ದ ಮಾತು. ನಾಚಿಕೆಯಾಯಿತು. ಅಂತರ ಒಂದೇ ಇದ್ದರೆ ಉತ್ತರವೂ ಒಂದೇ; ಮೊದಲ ಸುರುಳಿ ತನಗೂ ಉಳಿದವಕ್ಕೂ ಜಗ್ಗುವುದನ್ನಷ್ಟೇ ಎಣಿಸಿದರೆ ಸಾಕು. ಮೂರು ಸಾವಿರದ ಆರುನೂರು ಜೋಡಿಗಳ ಲೆಕ್ಕ ಅರವತ್ತಕ್ಕೆ ಇಳಿಯಿತು. ಕಾಕಾ ಅಂಗಡಿ ಮುಚ್ಚುವುದರೊಳಗೆ ಉತ್ತರ ಬಂತು. "ಖರೆ ಬಂತೋ ಇಲ್ಲೋ, ಬಂದ್ ಹೇಳಬೇಕ್ ನೋಡು" ಎಂದರು.

ಖರೆಯೇ ಬಂತು. ಅಳೆದು ನೋಡಿದಾಗಲೂ ಅದೇ ಅಂಕಿ, ಕಾಯಿಲ್ ಉಳಿಯಿತು. ಹೇಳಲು ಊರಿಗೆ ಬಂದರೆ ಕಾಕಾ ತೀರಿಹೋಗಿ ಎಂಟು ದಿನವಾಗಿತ್ತು.

ಅಂಗಡಿಯ ಮೇಜಿನ ಮೇಲೆ ತೆರೆದ ಮೋಟರ್, ಪಕ್ಕದಲ್ಲಿ ದಾರ ಕಟ್ಟಿದ ಒಂದೇ ಒಂದು ಸುರುಳಿ. "ಮೊದಲನೇದ್ದು ಎಣಿಸಿ ಇಟ್ಟಾರವಾ. ಉಳಿದಾವು ಸುತ್ತಾವ್ರು ಯಾರೂ ಇಲ್ಲ" ಎಂದರು ಕಾಕಿ.

ನಾನು ಅಚ್ಚಿನ ಮುಂದೆ ಕುಳಿತೆ. ಎರಡನೇ ಸುರುಳಿ ಸುತ್ತಿದೆ. ಗುರುತಿಗೆ ತಂತಿ ಬಂದಮೇಲೂ ನಂಬಿಕೆ ಸಾಲದೆ ಒಂದೊಂದೇ ಸುತ್ತು ಎಣಿಸತೊಡಗಿದೆ. ಕಾಕಿ ನೋಡುತ್ತ ನಿಂತಿದ್ದವರು ಹೋಗಿ ರೇಡಿಯೋ ಹಚ್ಚಿದರು.