ಕ್ಯಾಚ್ ಹೋದಾಗಲೂ ಓಡಿದವರು

ಚೆಂಡು ನೇರ ಮೇಲಕ್ಕೆ ಹೋಗಿತ್ತು. ಕೆಳಗೆ ಕಾಯುತ್ತ ನಿಂತಿದ್ದ ನನಗೆ ಅದು ಸುಲಭದ ಕ್ಯಾಚ್. ಆದರೆ ಹೊಡೆದ ಹಾಯಾಶಿಯವರು ಬ್ಯಾಟನ್ನು ಅಲ್ಲೇ ಎಸೆದು, ನಾಯಿ ಅಟ್ಟಿಸಿಕೊಂಡು ಬಂದಂತೆ ಓಡತೊಡಗಿದ್ದರು. ನಾನು ಚೆಂಡು ಹಿಡಿದ ಮೇಲೂ ನಿಲ್ಲದೆ ಆಚೆ ತುದಿ ಮುಟ್ಟಿದರು.

ಸೌದಿಯ ಜುಬೈಲ್‌ನಲ್ಲಿ ನಮ್ಮ ಕಂಪನಿ ಕ್ಯಾಂಪಿನ ಹಿಂದಿನ ಬಯಲಿನಲ್ಲಿ ಶುಕ್ರವಾರ ಬೆಳಗಿನ ಕ್ರಿಕೆಟ್ ಅದು. ಹಾಯಾಶಿ ನಮ್ಮ ಪ್ಲಾಂಟಿಗೆ ಬಂದಿದ್ದ ಜಪಾನಿನ ಎಂಜಿನಿಯರ್, ಐವತ್ತು ದಾಟಿದವರು. ವಿಕೆಟ್ ಹಿಂದಿದ್ದ ಕುಂದಾಪುರದ ಪ್ರಕಾಶ ನಗುತ್ತ ನನ್ನನ್ನು ಕೇಳಿದ: "ಔಟಾದ ಮೇಲೂ ಇವರು ಎಂತಕ್ಕೆ ಓಡುದು ಮಾರಾಯ?"

ಅದನ್ನೇ ನಾನು ಇಂಗ್ಲಿಷಿನಲ್ಲಿ ಅವರನ್ನು ಕೇಳಿದೆ. ಇಪ್ಪತ್ತರ ವಯಸ್ಸಿನಲ್ಲಿ ಅವರು ವೃತ್ತಿಪರ ಬೇಸ್‌ಬಾಲ್ ತಂಡವೊಂದರಲ್ಲಿ ಆಡಿದ್ದರಂತೆ, ಒಂದೇ ಒಂದು ತಿಂಗಳು. ಮೊದಲ ವಾರ ಅವರ ಹೊಡೆತದಿಂದಲೇ ತಂಡ ಗೆದ್ದಿತು, ಪತ್ರಿಕೆಯಲ್ಲಿ ಫೋಟೊ ಬಂತು. ಕೊನೆಯ ವಾರ ಹೀಗೇ ಒಂದು ಚೆಂಡು ಮೇಲಕ್ಕೆ ಹೋಯಿತು. ಹೇಗೂ ಕ್ಯಾಚ್ ಆಗುತ್ತದಲ್ಲ ಎಂದು ಅವರು ನಿಧಾನಕ್ಕೆ ನಡೆದುಕೊಂಡು ಹೊರಟರು. ಹಿಡಿಯಬೇಕಾದವನ ಕೈಯಿಂದ ಚೆಂಡು ಜಾರಿತು. ಆದರೂ ಓಡಿ ಮುಟ್ಟಬೇಕಾದ ಮೊದಲ ಬೇಸಿಗೆ ಅವರಿಗಿಂತ ಮುಂಚೆ ಚೆಂಡೇ ತಲುಪಿ, ಅವರು ಔಟಾದರು.

"ಓಡಿದ್ದರೆ ಮುಟ್ಟುತ್ತಿದ್ದೆ," ಎಂದರು ಹಾಯಾಶಿ, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ. "ಮತ್ತೆ ನನ್ನನ್ನು ಯಾರೂ ಆಡಲು ಕರೆಯಲಿಲ್ಲ."

ಅವರು ಹೇಳಿದ್ದನ್ನು ಪ್ರಕಾಶನಿಗೆ ಕನ್ನಡದಲ್ಲಿ ತಿಳಿಸಿದೆ. ಅವನು ಹೋಗಿ, ಅವರು ಎಸೆದಿದ್ದ ಬ್ಯಾಟನ್ನು ಎತ್ತಿ ತಂದುಕೊಟ್ಟ.

ಹಾಯಾಶಿ ತಮ್ಮ ದೇಶಕ್ಕೆ ಮರಳಿ ಎರಡು ವರ್ಷವಾಯಿತು. ಈಗ ನಮ್ಮ ಬಯಲಿನಲ್ಲಿ ಚೆಂಡು ಎಷ್ಟೇ ಮೇಲೆ ಹೋದರೂ ಹೊಡೆದವನು ನಿಂತು ನೋಡುವುದಿಲ್ಲ. ಎಲ್ಲರಿಗಿಂತ ಜೋರಾಗಿ ಓಡುವವನು ಪ್ರಕಾಶ.